ಕಿಯೋನೊ ಅಮ್ಮನ ತಕ್ಕಡಿ

ನಮ್ಮ ಯೊಕೋತೆ ಊರಿನಲ್ಲಿ ಕಿಯೋನೊ ಅಮ್ಮನ ಅಂಗಡಿಗೆ ಅಕ್ಕಿಗೆ ಹೋಗುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಚೀಲವನ್ನು ಎದೆಗವಚಿಕೊಂಡೇ, ‘ಗೋ’ ಎನ್ನುವ ಅಳತೆಯ ಲೋಟ ತೋರಿಸಿ ಕೇಳುತ್ತಾಳೆ: “ಒಂದು ಗೋ ಲೋಟ ಅಕ್ಕಿ ನೂರೈವತ್ತು ಗ್ರಾಂ. ಬೆಂದ ಮೇಲೆ ಎಷ್ಟಾಗತ್ತೆ?” ಉತ್ತರ ಬರದಿದ್ದರೆ ಚೀಲ ಕೈಗೆ ಬರುವುದಿಲ್ಲ. “ಅಕ್ಕಿ ತಗೊಳ್ಳೋಕೆ ಬಂದಿದೀನಿ ಕಣಮ್ಮ, ಪಾಠ ಒಪ್ಪಿಸೋಕಲ್ಲ” ಎಂದು ಮೀನಂಗಡಿಯ ಗೆಂಜಿರೋ ಗೊಣಗಿದರೆ, “ತಿನ್ನೋನು ನೀನೇ ತಾನೆ? ಹೇಳು” ಎನ್ನುತ್ತಾಳೆ. ಅವನು ಸೋತು “ಮುನ್ನೂರರ ಮೇಲೆ” ಎಂದ ಮೇಲೆಯೇ ಬಿಡುಗಡೆ. ಮದುವೆಗೆ ಹೋದರೂ ಸೊಂಟದ ಬಟ್ಟೆಯೊಳಗೆ ಪುಟ್ಟ ತಕ್ಕಡಿ ಇರುತ್ತದೆ; ಪಕ್ಕದವರ ಬಟ್ಟಲನ್ನೂ ಎಳೆದು ತೂಗುತ್ತಾಳೆ. ಹೀಗಾಗಿ ಊಟದ ಸಾಲಿನಲ್ಲಿ ಆಕೆಯ ಎರಡೂ ಪಕ್ಕ ಖಾಲಿ. ಮೊದಲು ಹೀಗಿರಲಿಲ್ಲ. ಗಂಡ ಶೋಸಾಕುವಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಹೊತ್ತಿಗೆ ನೂರೈವತ್ತು ಗ್ರಾಂ ಅನ್ನ ಎಂದಿದ್ದರು. ಹುಟ್ಟಿದಾಗಿನಿಂದ ಅಕ್ಕಿ ಅಳೆದವಳಿಗೆ ನೂರೈವತ್ತೆಂದರೆ ಒಂದು ಗೋ ಅಕ್ಕಿ, ಇನ್ನೇನಿದ್ದೀತು? ಲೋಟದ ಬಾಯಿಗೆ ಕಡ್ಡಿ ಎಳೆದು, ಒಂದು ಕಾಳೂ ಹೆಚ್ಚಾಗದಂತೆ ಅಳೆದು, ಬೇಯಿಸಿ, ಅಷ್ಟನ್ನೂ ಬಡಿಸಿದಳು. ಅವನು ಮೂರು ಹೊತ್ತೂ ಬಟ್ಟಲು ಬಳಿದು ಉಂಡು, “ಡಾಕ್ಟರು ಒಳ್ಳೇರು ಕಣೇ, ಹೊಟ್ಟೆ ತುಂಬ ತಿನ್ನೋಕೆ ಹೇಳಿದಾರೆ” ಎನ್ನುತ್ತಿದ್ದ. ಅವನು ತೀರಿಹೋದ ಮೇಲೆ, ಹೊತ್ತಿಗೆ ಎಷ್ಟು ಬಡಿಸುತ್ತಿದ್ದೆ ಎಂದು ಆಸ್ಪತ್ರೆಯವರು ಕೇಳಿದಾಗಲೇ, ಡಾಕ್ಟರು ಹೇಳಿದ್ದು ಬೆಂದ ಅನ್ನದ ತೂಕ, ಅಕ್ಕಿಯದಲ್ಲ ಎಂದು ಆಕೆಗೆ ತಿಳಿದದ್ದು. ಈಗ ಬೆಳಗಿನ ಮೊದಲ ಅನ್ನ ಅವನ ಪಟದ ಮುಂದೆ ಇಡಬೇಕು. ಆ ಬಟ್ಟಲನ್ನೂ ತಕ್ಕಡಿಗಿಟ್ಟು, ಹೆಚ್ಚಾದ ಅಗುಳನ್ನು ತೆಗೆದು, “ಇಷ್ಟೇ ರೀ” ಎನ್ನುತ್ತಾಳೆ.