ಅತ್ತೆ ಬದಲಿಸಿಟ್ಟ ಬಾಟಲಿ

ಸುಳ್ಯದ ಕಾಲೇಜಿನಲ್ಲಿ ನಮ್ಮ ಲ್ಯಾಬಿನ ಕೆಲಸ ತೋರಿಸಲಿಕ್ಕಿತ್ತು. ಹಿಂದಿನ ದಿನವೇ ಕಡಬದ ಅತ್ತೆಯ ಮನೆಗೆ ಹೋಗಿ ಫ್ರಿಜ್ಜಿನಲ್ಲಿ ಸಣ್ಣ ಬಾಟಲಿಯೊಂದನ್ನು ಇಟ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿದ್ದ ಕಪ್ಪು ದ್ರವ ಅದು. ಸ್ಕ್ಯಾನಿಂಗಿನಲ್ಲಿ ಕ್ಯಾನ್ಸರ್ ಗಡ್ಡೆಯನ್ನು ತೋರಿಸಲಿಕ್ಕೂ ಅದನ್ನು ಬಿಸಿ ಮಾಡಿ ಸುಡಲಿಕ್ಕೂ ಇಂಥ ಕಣಗಳು ಬೇಕು.

"ಅದೆಂತದು?" ಎಂದರು ಅತ್ತೆ.

ಕ್ಯಾನ್ಸರ್ ಎಂದರೆ ಹೆದರಿಯಾರೆಂದು, "ಸಕ್ಕರೆ ಅಂಶ ಉಂಟು ಅತ್ತೆ" ಎಂದೆ. ಸುಳ್ಳಲ್ಲ, ಕಣಗಳ ಮೇಲಿನ ಲೇಪ ಸಕ್ಕರೆ ಜಾತಿಯದೇ.

ಮರುದಿನ ಕಾಲೇಜಿನಲ್ಲಿ, ಈ ಕಣಗಳು ಗುರಿ ಹುಡುಕಿಕೊಂಡು ಹೋಗುತ್ತವೆ ಎಂದು ದೊಡ್ಡದಾಗಿ ಹೇಳಿ ದ್ರವವನ್ನು ತಟ್ಟೆಗೆ ಸುರಿದೆ. ಸ್ವಲ್ಪ ಮಂದವಾಗಿತ್ತು, ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಇರಬೇಕು ಎಂದುಕೊಂಡೆ. ಅಯಸ್ಕಾಂತ ಹಿಡಿದರೆ ಅದು ಅಲುಗಲಿಲ್ಲ. ಇನ್ನೂ ದೊಡ್ಡದು ಹಿಡಿದೆ. ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು.

ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ.

"ನಿನ್ನ ಬೆಲ್ಲ ಹಾಳಾಗಿತ್ತು ಮಾರಾಯ, ಪರಿಮಳವೇ ಇಲ್ಲ. ಅದನ್ನು ಬಸಳೆ ಬುಡಕ್ಕೆ ಚೆಲ್ಲಿ ನಮ್ಮ ಕಪ್ಪು ಜೋನಿ ಬೆಲ್ಲದ ಪಾಕ ತುಂಬಿಸಿದ್ದೇನೆ. ದೋಸೆಗೆ ಒಳ್ಳೆದಾಗ್ತದೆ."

"ಅದು ಔಷಧಿ ಅತ್ತೆ."

"ಔಷಧಿಯಾದರೆ ಔಷಧಿ ಅಂತ ಹೇಳುದಲ್ವಾ?"

ಒಳಗೆ ಹೋದರೆ ಮಕ್ಕಳೆಲ್ಲ ಮೇಜಿನ ಮೇಲೆ ಬಗ್ಗಿದ್ದರು. "ಸರ್, ಬರ್ತಾ ಉಂಟು" ಎಂದಳು ಒಬ್ಬಳು.

ನಿಜ. ಕಿಟಕಿಯಿಂದ ತಟ್ಟೆಯವರೆಗೆ ಸಾಲು ಹಿಡಿದು ಇರುವೆ ಬರುತ್ತಿತ್ತು. ಗುರಿ ಹುಡುಕಿಕೊಂಡು ಹೋಗುವುದನ್ನು ಆ ದಿನ ಮಾಡಿ ತೋರಿಸಿದ್ದು ಅವು ಮಾತ್ರ.