ಎಕ್ಸ್‌ರೇಯಲ್ಲಿ ಕಂಡ ಕಲ್ಲು

ಹಂಪಾಪುರದ ಹೆಂಗಸರು ಚಿಕ್ಕಸಿದ್ದಮ್ಮನಿಗೆ 'ಕಡ್ಡಿ' ಎಂದೇ ಅಡ್ಡಹೆಸರಿಟ್ಟಿದ್ದರು. ನಾಟಿಗಿಳಿದರೆ ಇಬ್ಬರ ಕೆಲಸ ಒಬ್ಬಳೇ ಮುಗಿಸುವಳು; ಮೈಗೆ ಮಾತ್ರ ಮಾಂಸ ಹತ್ತುತ್ತಿರಲಿಲ್ಲ. ೧೯೭೩ರ ಕಾರ್ತಿಕದಲ್ಲಿ ಎಡಪಕ್ಕೆ ನೋಯತೊಡಗಿತು, ಮೂತ್ರದಲ್ಲಿ ರಕ್ತ ಬಂತು. ಅತ್ತೆ ಕೆಂಪಾಜಮ್ಮ ಮಂತ್ರಿಸಿದ ಸೀಸದ ಗುಂಡನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಸೊಸೆಯ ಸೊಂಟದ ದಾರಕ್ಕೆ ಕಟ್ಟಿದಳು.

"ರಕ್ತ ನಿಲ್ಲೋಗಂಟ ಬಿಚ್ಬ್ಯಾಡ ಕಣೆ. ಬಿಚ್ಚಿದ್ರೆ ಜೀವ ಹೋಯ್ತದೆ."

ರಕ್ತ ನಿಲ್ಲಲಿಲ್ಲ. ಅತ್ತೆ ಸೊಸೆ ಹುಣಸೂರಿನ ಬಸ್ಸು ಹತ್ತಿದರು. ಅಲ್ಲಿಯ ಡಾಕ್ಟರೊಬ್ಬರ ಬಳಿ ಎಕ್ಸ್‌ರೇ ಇತ್ತು.

"ಮೈಮೇಲಿರೋದೆಲ್ಲ ಬಿಚ್ಚಿಡಮ್ಮ" ಎಂದಳು ನರ್ಸು. ಚಿಕ್ಕಸಿದ್ದಮ್ಮ ಓಲೆ ಬಿಚ್ಚಿದಳು, ತಾಳಿಯನ್ನೂ ಕಣ್ಣಿಗೊತ್ತಿಕೊಂಡು ಅತ್ತೆಗೆ ಕೊಟ್ಟಳು. ಗುಂಡನ್ನು ಮಾತ್ರ ಎಡಸೊಂಟದ ಹಿಂದಕ್ಕೆ ಸರಿಸಿ ಮುಚ್ಚಿಕೊಂಡಳು.

ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಿ, ಕಲ್ಲು. ಹುಣಸೆಬೀಜದಷ್ಟಿದೆ. ಮೈಸೂರಿಗೆ ಬರ್ಕೊಡ್ತೀನಿ, ಆಪರೇಷನ್ ಆಗ್ಬೇಕು."

ಚಿಕ್ಕಸಿದ್ದಮ್ಮನಿಗೆ ಪಕ್ಕದ ಮನೆಯ ವೀರಮ್ಮ ನೆನಪಾದಳು. ಆಕೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೋಗಿ ಎತ್ತಿನಗಾಡಿಯಲ್ಲಿ ಹೆಣವಾಗಿ ಬಂದಿದ್ದಳು. ಫಿಲ್ಮಿನ ಆ ಬಿಳಿ ಬೀಜವನ್ನೇ ನೋಡುತ್ತಿದ್ದ ಚಿಕ್ಕಸಿದ್ದಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದೇ ಗಾತ್ರ, ಅದೇ ಜಾಗ. ಹೇಳಿದರೆ ಗುಂಡು ಬಿಚ್ಚಬೇಕು, ಹೇಳದಿದ್ದರೆ ಕತ್ತಿ. ಅದು ಗುಂಡೆಂದು ಅತ್ತೆಗೂ ತಿಳಿದಿತ್ತು, ಹೇಳಬೇಡ ಎಂದು ತಲೆಯಾಡಿಸಿದಳು.

"ಸ್ವಾಮಿ, ಅದು ಕಲ್ಲಲ್ಲ. ನಾನೇ ಸೊಂಟಕ್ಕೆ ಕಟ್ಕೊಂಡಿರೋ ಸೀಸದ ಗುಂಡು."

ಡಾಕ್ಟರು ಕನ್ನಡಕ ತೆಗೆದರು. "ಹೊಟ್ಟೆ ಕೊಯ್ದು ಸೀಸ ಹುಡುಕ್ಬೇಕಿತ್ತೇನಮ್ಮ?"

ಅವಳು ಸೊಂಟದ ಗಂಟಿಗೆ ಕೈ ಹಾಕಿದಳು. ಕೆಂಪಾಜಮ್ಮ ಗೋಡೆಯ ಕಡೆ ತಿರುಗಿ ನಿಂತಳು. ದಾರ ಸಡಿಲವಾದಾಗ ಚಿಕ್ಕಸಿದ್ದಮ್ಮ ಕಣ್ಣು ಮುಚ್ಚಿ, ಜೀವ ಹೋಗುತ್ತದೆಂದು ಕಾದಳು. ಉಸಿರು ಬಂತು. ಮತ್ತೊಂದು ಬಂತು.

ಒಳಗಿನ ನಾಳಗಳು ಕಾಣುವಂತೆ ಕೈಗೆ ಔಷಧಿ ಚುಚ್ಚಿ ಮತ್ತೆ ಚಿತ್ರ ತೆಗೆದರು. ಕಲ್ಲಿರಲಿಲ್ಲ.

"ಪಕ್ಕದ ರಕ್ತನಾಳ ಉಬ್ಬಿ ಒತ್ತಿ, ಮೂತ್ರದ ನಾಳದ ಅಂಚು ಕಚ್ಚಿದ ಹಾಗಿದೆ" ಎಂದರು ಡಾಕ್ಟರು. "ತೂಬು ಅರ್ಧ ಮುಚ್ಚಿದ್ರೆ ಹಿಂದೆ ನೀರು ಏರಿ ಬದು ಒಡೆಯುತ್ತಲ್ಲ, ಹಂಗೆ ಎಡಗಡೆ ಮೂತ್ರಪಿಂಡದ ರಕ್ತನಾಳ ಒಳಗೆಲ್ಲೋ ಅದುಮಿಕೊಂಡು ರಕ್ತ ಸೋರ್ತಿರಬಹುದು. ಈಗಲೇ ಕೊಯ್ಯೋದು ಬೇಡ. ಚೆನ್ನಾಗಿ ತಿಂದು ಮೈ ತುಂಬಿಕೊಳ್ಳಲಿ, ಒಳಗೆ ಕೊಬ್ಬು ಸೇರಿದ್ರೆ ಅದುಮೋದು ಕಮ್ಮಿಯಾಗಬಹುದು. ತಿಂಗಳು ಬಿಟ್ಟು ಇನ್ನೊಂದು ಚಿತ್ರ ತೆಗೆಯೋಣ."

ಇನ್ನೊಂದು ಚಿತ್ರ ಎಂದಾಗ ಅವಳು ಬಿಚ್ಚಿದ ಗುಂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಕೆಂಪಾಜಮ್ಮ ಸೊಸೆಯ ಎಡಗೈ ಎಳೆದು ಗುಂಡನ್ನು ಮಣಿಕಟ್ಟಿಗೆ ಕಟ್ಟಿದಳು.

"ಇಲ್ಲಿದ್ರೆ ಫೋಟೋಕ್ಕೆ ಅಡ್ಡ ಬರಾಕಿಲ್ಲ ಬುಡು."