ತೊಟ್ಟಪ್ಪನ ಮೈಲೇಜು

ಅವನನ್ನು ಎಲ್ಲರೂ ತೊಟ್ಟಪ್ಪ ಎಂದೇ ಕರೆಯುತ್ತಿದ್ದರು. ಡೀಸೆಲ್ ಹಾಕಿಸಿದ ಮೇಲೆ ಬಂಕಿನ ಹುಡುಗನ ಕೈಯಿಂದ ಪೈಪು ಕಿತ್ತುಕೊಂಡು, ಎತ್ತಿ ಹಿಡಿದು, ಅಲುಗಾಡಿಸಿ, ಕೊನೆಯ ತೊಟ್ಟೂ ಟ್ಯಾಂಕಿಗೆ ಬಿದ್ದ ಮೇಲೆಯೇ ಬಿಡುತ್ತಿದ್ದವನಿಗೆ ಬೇರೆ ಹೆಸರು ಒಪ್ಪುವಂತೆಯೂ ಇರಲಿಲ್ಲ. ಹಿಂದೆ ಸಾಲುಗಟ್ಟಿ ನಿಂತ ಗಾಡಿಯವರು ಹಾರ್ನ್ ಹೊಡೆದರೆ ಅದನ್ನೂ ಅವನು ತನ್ನ ಜಾಣತನಕ್ಕೆ ಸಂದ ಚಪ್ಪಾಳೆ ಎಂದು ತಿಳಿಯುತ್ತಿದ್ದ.

ಗುಡ್ಡದ ಮೇಲಿನ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅವನು ಪಿಕಪ್ ಓಡಿಸುತ್ತಿದ್ದ. ನೆಲಕ್ಕೆ ಹಾಸುವ ಚಪ್ಪಡಿಗಳನ್ನು ಹೇರಿಕೊಂಡು ಇಳಿಜಾರು ಇಳಿದು, ಕೆಳಗಿನ ಪೇಟೆಯ ಏರುತಗ್ಗುಗಳನ್ನೆಲ್ಲ ದಾಟಿ ಮನೆ ಕಟ್ಟುವವರ ಬಾಗಿಲಿಗೆ ಮುಟ್ಟಿಸುವುದು ಕೆಲಸ. ಗಾಡಿಯೂ ಡೀಸೆಲ್ಲೂ ಯಜಮಾನನದು. ಗಾಡಿ ಹೊರಬೇಕಾದ್ದಕ್ಕಿಂತ ಹೆಚ್ಚು ಕಲ್ಲು ಹೇರಿಸಿ, ಅದು ಕುಡಿಯಬೇಕಾದ್ದಕ್ಕಿಂತ ಕಡಿಮೆ ಕುಡಿಯಲಿ ಎಂದು ಬಯಸುವ ಜಾತಿಯ ಮನುಷ್ಯ ಆ ಯಜಮಾನ. ಎತ್ತಿಗೆ ಹುಲ್ಲು ಹಾಕದೆ ಉಳುವುದು ಹೇಗೆಂದು ಯಾರಾದರೂ ಹೇಳಿಕೊಟ್ಟರೆ ಅವರ ಕಾಲಿಗೆ ಬೀಳಲೂ ಸಿದ್ಧನಿದ್ದ. ಅಂಥವನಿಗೆ ಇಂಥ ಚಾಲಕನೇ ಸಿಕ್ಕ.

ತೊಟ್ಟಪ್ಪ ಗಾಡಿಯಿಂದ ಸ್ಟೆಪ್ನಿ ತೆಗೆದು ಮನೆಯ ಹಿತ್ತಲಿನಲ್ಲಿ ಇಟ್ಟಿದ್ದ, ಭಾರ ಕಡಿಮೆಯಾಗಲಿ ಎಂದು. ಸುಡುಬಿಸಿಲಿನಲ್ಲೂ ಕಿಟಕಿಯ ಗಾಜು ಇಳಿಸುತ್ತಿರಲಿಲ್ಲ. ಗಾಳಿ ಒಳಗೆ ನುಗ್ಗಿದರೆ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದಂತೆ. ಮುಸ್ಸಂಜೆಯಲ್ಲಿ ದೀಪ ಹಾಕುವವರನ್ನು ದುಂದುಗಾರರೆನ್ನುತ್ತಿದ್ದ. ಹೆಂಡತಿ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಅವಳನ್ನು ಮನೆಗೆ ಕರೆತರುವಾಗ ಗುಡ್ಡದ ಬುಡದಲ್ಲೇ ಇಳಿಸಿ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ತಾನು ಗಾಡಿಯಲ್ಲಿ ಏರಿಹೋಗುತ್ತಿದ್ದ. ಬ್ರೇಕ್ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಇದನ್ನು ಕಂಡು, ಅಕ್ಕ ಅಷ್ಟು ಭಾರವಾದಳೇ ಭಾವ ಎಂದು ಕೇಳಿದ್ದಕ್ಕೆ, ಒಂದೊಂದು ಕೆಜಿಗೂ ಲೆಕ್ಕವಿದೆ, ನಿನಗೆ ತಿಳಿಯುವುದಿಲ್ಲ ಎಂದು ಗಂಭೀರವಾಗಿಯೇ ಉತ್ತರಿಸಿದನಂತೆ. ತನ್ನ ಹೊಟ್ಟೆಯ ಲೆಕ್ಕವನ್ನು ಮಾತ್ರ ಅವನು ಎಂದೂ ಹಿಡಿಯಲಿಲ್ಲ.

ಒಂದು ವರ್ಷ ಯಜಮಾನನಿಗೆ ಒಂದು ಬುದ್ಧಿ ಬಂತು. ಯಾರ ಗಾಡಿ ಅತಿ ಕಡಿಮೆ ಡೀಸೆಲ್ ಕುಡಿಯುತ್ತದೋ ಅವನ ಫೋಟೋವನ್ನು ಆಫೀಸಿನ ಗೋಡೆಗೆ ಹಾಕಿಸುವುದು. ಸಂಬಳ ಹೆಚ್ಚಿಸುವುದಕ್ಕಿಂತ ಮೊಳೆ ಹೊಡೆಯುವುದು ಅಗ್ಗ. ತಿಂಗಳು ತಿಂಗಳೂ ತೊಟ್ಟಪ್ಪನೇ ಗೆದ್ದ. ಉಳಿದವರ ಗಾಡಿಗಳು ಲೋಡಿನಲ್ಲಿ ಲೀಟರಿಗೆ ಒಂಬತ್ತು ಕಿಲೋಮೀಟರ್ ದಾಟಲು ತಿಣುಕುತ್ತಿರುವಾಗ ಇವನದು ಹದಿಮೂರು ಕೊಡುತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು ಪ್ರವಚನ ಶುರುಮಾಡುತ್ತಿದ್ದ. ಭಾರ ಮುಖ್ಯವಲ್ಲ, ಪಾದ ಮುಖ್ಯ. ಆಕ್ಸಿಲರೇಟರನ್ನು ಒತ್ತಬಾರದು, ಅದರ ಮೇಲೆ ಕಾಲು ಮಲಗಿಸಬೇಕು. ಕೇಳುವವರು ತಲೆದೂಗುತ್ತಿದ್ದರು. ತಲೆದೂಗುವುದಕ್ಕೆ ತಲೆಯೊಳಗೆ ಏನೂ ಇರಬೇಕೆಂದಿಲ್ಲವಷ್ಟೆ.

ಗುಟ್ಟು ಪಾದದಲ್ಲಿರಲಿಲ್ಲ. ಕಾರ್ಖಾನೆಯಲ್ಲಿ ಚಪ್ಪಡಿಗಳನ್ನು ತೂಗುತ್ತಿರಲಿಲ್ಲ, ಎಣಿಸುತ್ತಿದ್ದರು. ಪ್ರತಿ ಗಾಡಿಗೂ ಇಷ್ಟು ಚಪ್ಪಡಿ ಎಂದು ಲೆಕ್ಕ. ಆದರೆ ಚಪ್ಪಡಿಗಳಲ್ಲಿ ದಪ್ಪನೆಯವೂ ಇದ್ದವು, ತೆಳ್ಳನೆಯವೂ ಇದ್ದವು. ಲೋಡು ಹಾಕಿಸುವ ಮೇಸ್ತ್ರಿಗೆ ತೊಟ್ಟಪ್ಪ ಚೆನ್ನಾಗಿ ಬೆಣ್ಣೆ ಹಚ್ಚಿದ್ದ. ಮೇಸ್ತ್ರಿಯ ಮನೆಯ ಸಾಮಾನು ಸಾಗಿಸಿದ್ದ, ಅವನ ಮಾವನನ್ನು ಆಸ್ಪತ್ರೆಗೆ ಒಯ್ದಿದ್ದ, ಹೋದಲ್ಲೆಲ್ಲ ಅವನಷ್ಟು ನ್ಯಾಯವಂತ ಇನ್ನೊಬ್ಬನಿಲ್ಲ ಎಂದು ಹೊಗಳಿದ್ದ. ಆ ನ್ಯಾಯವಂತ ತೆಳ್ಳನೆಯ ಚಪ್ಪಡಿಗಳನ್ನೆಲ್ಲ ಆರಿಸಿ ತೊಟ್ಟಪ್ಪನ ಗಾಡಿಗೆ ಹಾಕಿಸುತ್ತಿದ್ದ. ಇವನು ಬಿಟ್ಟ ದಪ್ಪ ಕಲ್ಲುಗಳು ಬೇರೆಯವರ ಬೆನ್ನಿಗೆ ಬೀಳುತ್ತಿದ್ದವು.

ಹೆಚ್ಚಾಗಿ ಬೀಳುತ್ತಿದ್ದದ್ದು ಎಲ್ಲರೂ ಉದ್ದನೆಯವನು ಎನ್ನುತ್ತಿದ್ದ ಚಾಲಕನ ಗಾಡಿಗೆ. ಆಳು ಮೆದು, ಎದುರಾಡುವವನಲ್ಲ. ಪಿಕಪ್ಪಿನ ಕ್ಯಾಬಿನ್ನಿನಲ್ಲಿ ಮೊಣಕಾಲು ಸ್ಟೇರಿಂಗಿಗೆ ತಾಗುವಷ್ಟು ಉದ್ದ. ಅವನ ಗಾಡಿ ಎಲ್ಲರಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತದೆಂದು ಯಜಮಾನ ನಾಲ್ಕು ಜನರ ಮುಂದೆ ಬೈದ. ಕದ್ದು ಮಾರುತ್ತೀಯಾ ಎಂದೂ ಕೇಳಿದ. ಗೋಡೆಯ ಫೋಟೋ ತೋರಿಸಿ, ಅವನ ಹತ್ತಿರ ಹೋಗಿ ಕಲಿ, ಇಲ್ಲದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದು ಕಳಿಸಿದ. ಮನೆಯಲ್ಲಿ ತುಂಬು ಬಸುರಿ ಹೆಂಡತಿ. ಉದ್ದನೆಯವನು ತೊಟ್ಟಪ್ಪನ ಬಳಿ ಹೋಗಿ ಕೈಕಟ್ಟಿ ನಿಂತ.

ತೆಳ್ಳನೆಯ ಕಲ್ಲಿನ ವಿಷಯ ಹೇಳುವಂತಿಲ್ಲ. ಏನೂ ಹೇಳದಿದ್ದರೆ ಗುರುವಿನ ಪಟ್ಟ ಹೋಗುತ್ತದೆ. ಮರುದಿನ ತೊಟ್ಟಪ್ಪನ ಗಾಡಿ ಗ್ಯಾರೇಜಿನಲ್ಲಿತ್ತು. ಅವನೂ ಅವನ ಹೆಂಡತಿಯೂ ಉದ್ದನೆಯವನ ಗಾಡಿ ಹತ್ತಿ ಪೇಟೆಗೆ ಹೊರಟರು. ಹಿಂದೆ ಭರ್ತಿ ಕಲ್ಲು. ಇಳಿಜಾರು ಶುರುವಾದಲ್ಲಿ ತೊಟ್ಟಪ್ಪ, ಗೇರು ತೆಗೆದು ಕೀ ತಿರುಗಿಸಿ ಇಂಜಿನ್ ನಿಲ್ಲಿಸು ಎಂದ. ಇಷ್ಟು ಭಾರಕ್ಕೆ ಗಾಡಿ ತಾನಾಗಿ ಓಡುತ್ತದೆ, ಒಂದು ತೊಟ್ಟೂ ಖರ್ಚಿಲ್ಲ. ಉದ್ದನೆಯವನು ಹೆದರಿದ. ಭಯವಾಗುತ್ತದೆ ಎಂದು ಬಾಯಿಬಿಟ್ಟೂ ಹೇಳಿದ. ತೊಟ್ಟಪ್ಪ ತಾನೇ ಕೈ ಚಾಚಿ ಕೀ ತಿರುಗಿಸಿದ. ಅಂದು ರಸ್ತೆ ಖಾಲಿಯಿತ್ತು, ಏನೂ ಆಗಲಿಲ್ಲ. ಪೇಟೆಯಲ್ಲಿ ಇಳಿಯುವಾಗ ಅವನ ಬೆನ್ನು ತಟ್ಟಿ, ಕಲಿತೆ ಬಿಡು ಎಂದ.

ತಾನು ಮಾತ್ರ ಆ ಆಟವನ್ನು ಎಂದೋ ಬಿಟ್ಟಿದ್ದ. ಇಂಜಿನ್ ನಿಂತರೆ ಬ್ರೇಕಿಗೆ ಬಲವಿರುವುದಿಲ್ಲ, ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ ಎಂದು ಭಾವಮೈದುನ ಹೇಳಿದಾಗ ನಕ್ಕಿದ್ದವನು, ಒಮ್ಮೆ ಅದೇ ಇಳಿಜಾರಿನಲ್ಲಿ ಪೆಡಲ್ ಕಲ್ಲಾದಾಗ ಹೇಗೋ ಚರಂಡಿಗೆ ಚಕ್ರ ಇಳಿಸಿ ಬಚಾವಾಗಿದ್ದ.

ಉದ್ದನೆಯವನಿಗೆ ಆ ಅದೃಷ್ಟವಿರಲಿಲ್ಲ. ಒಂದು ಮಧ್ಯಾಹ್ನ ದಪ್ಪ ಕಲ್ಲು ಹೇರಿಕೊಂಡು, ಇಂಜಿನ್ ನಿಲ್ಲಿಸಿ ಇಳಿಯುತ್ತಿದ್ದಾಗ ಕೆಳಗಿನ ತಿರುವಿನಲ್ಲಿ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದ, ಬಿಟ್ಟು ಮತ್ತೆ ಒತ್ತಿದ. ಆಮೇಲೆ ಪೆಡಲ್ ಇಳಿಯಲೇ ಇಲ್ಲ. ಭಾರವಾಗಿ ಹೋದ ಸ್ಟೇರಿಂಗನ್ನು ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿ ಗಾಡಿಯನ್ನು ಪಕ್ಕದ ಕಲ್ಲುಗೋಡೆಗೆ ಗುದ್ದಿಸಿದ. ಮಕ್ಕಳು ಉಳಿದರು. ಹಿಂದಿನ ಚಪ್ಪಡಿಗಳು ಕ್ಯಾಬಿನ್ನು ಸೀಳಿಕೊಂಡು ಮುಂದಕ್ಕೆ ಜಾರಿದವು. ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೇ ಕತ್ತರಿಸಬೇಕಾಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಯಜಮಾನನಿದ್ದ, ಚಾಲಕರಿದ್ದರು, ಗೋಡೆಗೆ ಒರಗಿ ಉದ್ದನೆಯವನ ಹೆಂಡತಿ ಕೂತಿದ್ದಳು. ಅವಳು ತೊಟ್ಟಪ್ಪನನ್ನು ಕೇಳಿದ್ದು ಇಷ್ಟೇ: "ಇದನ್ನ ಇವರಿಗೆ ನೀವೇ ಹೇಳಿಕೊಟ್ರಂತೆ, ಹೌದಾ ಅಣ್ಣ?"

"ನಾನು ಹೇಳಿದ್ದು ಖಾಲಿ ಗಾಡಿಗೆ," ಎಂದ ತೊಟ್ಟಪ್ಪ. "ಲೋಡ್ ಗಾಡೀಲಿ ಯಾರಾದ್ರೂ ಇಂಜಿನ್ ಆಫ್ ಮಾಡ್ತಾರಾ? ಡ್ರೈವರ್ ಅಂದಮೇಲೆ ಅಷ್ಟೂ ಗೊತ್ತಿರಬೇಡವಾ?"

ಯಜಮಾನ ಅದು ಸರಿ, ಅದು ಸರಿ ಎಂದ. ತಪ್ಪು ಕಾಲು ಹೋದವನದೇ ಆದರೆ ಎಲ್ಲರಿಗೂ ಅನುಕೂಲ.

ತೊಟ್ಟಪ್ಪನ ಹೆಂಡತಿ ಅಂಗಡಿಯಿಂದ ನೇರವಾಗಿ ಬಂದಿದ್ದಳು, ಸೀರೆಗೆ ದಾರದ ಚೂರುಗಳು ಅಂಟಿಕೊಂಡಿದ್ದವು. ಗಂಡನಿಗೆ ನಾಲ್ಕು ಜನರೆದುರು ಎದುರು ಮಾತಾಡಿದವಳಲ್ಲ.

"ಅವತ್ತು ಗಾಡಿ ತುಂಬ ಕಲ್ಲಿತ್ತು. ನಾನು ಬಾಗಿಲ ಪಕ್ಕ ಕೂತಿದ್ದೆ. ಅವರು ಬೇಡ ಅಂದ್ರೂ ಕೈ ಹಾಕಿ ಕೀ ತಿರುಗಿಸಿದ್ದು ನೀವು."

"ಗಾಡಿ ವಿಷಯ ನಿನಗೇನು ಗೊತ್ತು, ಸುಮ್ನಿರು."

"ಗಾಡಿ ವಿಷಯ ಗೊತ್ತಿಲ್ಲ. ಆ ಸಲ ಬ್ರೇಕ್ ಹಿಡೀದೆ ಮನೆಗೆ ಬಂದ್ರಲ್ಲ, ಇನ್ನು ಇಂಜಿನ್ ಆಫ್ ಮಾಡಿ ಇಳಿಯಲ್ಲ ಅಂದ್ರಿ ನೀವು. ಅದು ಗೊತ್ತು. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಿ."

ತೊಟ್ಟಪ್ಪ ಮೊಬೈಲ್ ತೆಗೆದು, ಬಾರದ ಕರೆಯೊಂದನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆದ.

ವಿಮೆಯವರು ತನಿಖೆಗೆ ಬಂದು ಎಲ್ಲ ಗಾಡಿಗಳ ಲೋಡನ್ನೂ ತೂಗಿಸಿದರು. ಚಪ್ಪಡಿಯ ಎಣಿಕೆ ಒಂದೇ, ತೂಕ ಮಾತ್ರ ಅಜಗಜಾಂತರ. ಮೇಸ್ತ್ರಿ ಮೊದಲ ಗದರಿಕೆಗೇ ಎಲ್ಲವನ್ನೂ ಒದರಿದ. ಅಲ್ಲಿಂದ ಕಾರ್ಖಾನೆಯ ಬಾಗಿಲಲ್ಲೇ ಗಾಡಿ ಸಮೇತ ತೂಗುವ ವೇಬ್ರಿಡ್ಜ್ ಬಂತು. ಸಮ ತೂಕ ಹೊತ್ತ ಮೇಲೆ ತೊಟ್ಟಪ್ಪನ ಗಾಡಿ ಎಲ್ಲರಿಗಿಂತ ಹೆಚ್ಚು ಡೀಸೆಲ್ ಕುಡಿಯತೊಡಗಿತು. ಏರಿನಲ್ಲಿ ಗೇರು ಇಳಿಸದೆ, ಪೇಟೆಯ ದಿಣ್ಣೆಗಳನ್ನೆಲ್ಲ ಟಾಪ್ ಗೇರಿನಲ್ಲೇ ಎಳೆಸುವ ಅವನ ಪ್ರಖ್ಯಾತ ಪಾದಕ್ಕೆ ನಿಜವಾದ ಭಾರ ಓಡಿಸಿ ಗೊತ್ತೇ ಇರಲಿಲ್ಲ. ಮೊದಲು ಟಯರನ್ನು ದೂರಿದ, ಆಮೇಲೆ ಬಂಕಿನವರನ್ನು, ಕೊನೆಗೆ ರಸ್ತೆಯನ್ನು. ಯಜಮಾನ ಅವನನ್ನು ಕಳಿಸಿಬಿಟ್ಟ. ನ್ಯಾಯಕ್ಕಾಗಿ ಅಲ್ಲ, ಡೀಸೆಲ್ಲಿಗಾಗಿ. ಉದ್ದನೆಯವನಿಗೆ ವೇಬ್ರಿಡ್ಜಿನ ಕೋಣೆಯಲ್ಲಿ ತೂಕ ಬರೆಯುವ ಕುರ್ಚಿ ಕೊಟ್ಟದ್ದನ್ನು ತನ್ನ ಉದಾರತನವೆಂದು ಯಜಮಾನ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಚಾಲಕರೆಲ್ಲ ಗಾಡಿ ನಿಲ್ಲಿಸಿ, ಆ ಕುರ್ಚಿ ಕೊಡುವ ತನಕ ಒಂದು ಚಪ್ಪಡಿಯನ್ನೂ ಇಳಿಸುವುದಿಲ್ಲ ಎಂದದ್ದು ಮಾತ್ರ ಅವನ ನೆನಪಿನಲ್ಲಿಲ್ಲ.

ತೊಟ್ಟಪ್ಪನ ಹೆಂಡತಿ ಗಂಡನನ್ನು ಬಿಟ್ಟು ಹೋಗಲಿಲ್ಲ. ಅಡುಗೆ ಮಾಡಿಡುತ್ತಾಳೆ, ಕೇಳಿದ್ದಕ್ಕೆ ಉತ್ತರ, ಅಷ್ಟೇ. ಪೇಟೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಉದ್ದನೆಯವನ ಮಗುವಿಗೆ ಅಂಗಿಗಳನ್ನು ಹೊಲಿದು ಕೊಡುತ್ತಾಳೆ.

ತೊಟ್ಟಪ್ಪ ಈಗ ಗಾಡಿ ಓಡಿಸುವುದಿಲ್ಲ, ಬಾಟಲಿ ಮಾರುತ್ತಾನೆ. ಗುಲಾಬಿ ಬಣ್ಣದ ಏನೋ ದ್ರವ. ಟ್ಯಾಂಕಿಗೆ ಒಂದು ಮುಚ್ಚಳ ಸುರಿದರೆ ಎಷ್ಟೇ ಭಾರ ಹೊತ್ತರೂ ಡೀಸೆಲ್ ಅರ್ಧ ಉಳಿಯುತ್ತದಂತೆ. ಕೊಳ್ಳುವವರೂ ಇದ್ದಾರೆ. ಒಂದು ದಿನ ನಾಚಿಕೆಯಿಲ್ಲದೆ ಅದೇ ಕಾರ್ಖಾನೆಯ ಬಾಗಿಲಿಗೂ ಬಂದು, ವೇಬ್ರಿಡ್ಜಿಗೆ ಕಾದು ನಿಂತ ಚಾಲಕನೊಬ್ಬನಿಗೆ ಕಿಟಕಿಯ ಬಳಿಯೇ ಬಾಟಲಿ ಅಲುಗಾಡಿಸಿ ತೋರಿಸತೊಡಗಿದ. ಒಳಗೆ ಕೂತಿದ್ದ ಉದ್ದನೆಯವನು ತಲೆಯೆತ್ತಿ ನೋಡಿದ. ತೊಟ್ಟಪ್ಪ ಹಲ್ಲು ಕಿರಿದು, ಹೇಗಿದ್ದೀಯಪ್ಪ ಎಂದ.

"ಸ್ವಲ್ಪ ಪಕ್ಕಕ್ಕೆ ನಿಲ್ಲಿ," ಎಂದ ಉದ್ದನೆಯವನು, ಮುಖಪರಿಚಯವೇ ಇಲ್ಲದವನಿಗೆ ಹೇಳುವಂತೆ. "ಹಿಂದೆ ಗಾಡಿ ಬರ್ತಿದೆ."